ರಿಪೇರಿ ಆದಮೇಲೂ ಇಂಜಿನ್ ಲೈಟ್ ಮತ್ತೆ ಮತ್ತೆ ಯಾಕೆ ಬರುತ್ತದೆ?

ಕಾರಿನ ಮೀಟರ್ ಬೋರ್ಡಿನಲ್ಲಿ ಹಳದಿ ಬಣ್ಣದ ಇಂಜಿನ್ ಚಿತ್ರ ಹತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಒಯ್ದರೆ ಸ್ಕ್ಯಾನರ್ ಹಾಕುತ್ತಾರೆ, ಒಂದು ಸೆನ್ಸರ್ ಬದಲಾಯಿಸುತ್ತಾರೆ, ಲೈಟ್ ಆರುತ್ತದೆ. ಬಿಲ್ ಕಟ್ಟಿ ಮನೆಗೆ ಬಂದ ಮೇಲೆ ವಾರ ಕಳೆಯುವುದರೊಳಗೆ ಅದೇ ಲೈಟ್ ಮತ್ತೆ ಬರುತ್ತದೆ. ಇನ್ನೊಂದು ಸಲ ಗ್ಯಾರೇಜು, ಇನ್ನೊಂದು ಬಿಡಿಭಾಗ, ಇನ್ನೊಂದು ಬಿಲ್. ಕಾರು ಓಡಿಸುವಾಗ ಮಾತ್ರ ಏನೂ ತೊಂದರೆ ಕಾಣುವುದಿಲ್ಲ.

ಈ ಗೋಳು ಈಗ ಜಾಸ್ತಿ ಜನರನ್ನು ಮುಟ್ಟುತ್ತಿರುವುದಕ್ಕೆ ಕಾರಣವಿದೆ. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಮಾರಾಟವಾದ ಹೊಸ ಕಾರುಗಳೆಲ್ಲ ಬಿಎಸ್6, ಅಂದರೆ ಹೊಗೆಯ ಮಿತಿ ಹೇಳುವ ಭಾರತ್ ಸ್ಟೇಜ್ ನಿಯಮದ ಆರನೇ ಹಂತದ ಕಾರುಗಳು. ಹೊಗೆಯ ಮೇಲೆ ಕಣ್ಣಿಡುವ ಸೆನ್ಸರ್‌ಗಳು ಹಳೆಯ ಕಾರುಗಳಿಗಿಂತ ಇವುಗಳಲ್ಲಿ ಹೆಚ್ಚು, ನಿಯಮವೂ ಬಿಗಿ. ಅವುಗಳಲ್ಲಿ ಮೊದಲ ವರ್ಷಗಳ ಕಾರುಗಳ ವಾರಂಟಿ ಈಗ ಮುಗಿಯುತ್ತಾ ಬಂದಿದೆ. ಎಷ್ಟೋ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ ಎರಡನೇ ಮನೆ ಸೇರಿವೆ. ಕಂಪನಿ ಸರ್ವೀಸ್ ಬಿಟ್ಟು ಪಕ್ಕದ ರಸ್ತೆಯ ಗ್ಯಾರೇಜಿಗೆ ಹೋಗುವವರು, ತಮ್ಮ ಕೈಯಿಂದಲೇ ದುಡ್ಡು ಕೊಡುವವರು, ಈ ಲೈಟ್ ಏನು ಹೇಳುತ್ತಿದೆ ಎಂದು ತಿಳಿದುಕೊಳ್ಳಲೇಬೇಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ರಿಪೇರಿಯ ನಂತರ ಲೈಟ್ ಮತ್ತೆ ಬಂದರೆ ಕಾರು ಹಾಳಾಯಿತು ಅಂತಲೂ ಅಲ್ಲ, ಮೆಕ್ಯಾನಿಕ್ ಮೋಸ ಮಾಡಿದರು ಅಂತಲೂ ಅಲ್ಲ. ಬಹಳಷ್ಟು ಸಲ ಆಗಿರುವುದು ಇಷ್ಟೇ: ದೋಷ ಎಲ್ಲಿದೆ ಎಂದು ಪರೀಕ್ಷೆ ಮಾಡದೆ, ಸ್ಕ್ಯಾನರ್ ತೋರಿಸಿದ ದೋಷದ ಕೋಡ್ ನೋಡಿ ಊಹೆಯ ಮೇಲೆ ಬಿಡಿಭಾಗ ಬದಲಾಯಿಸಲಾಗಿದೆ. ಲೈಟ್ ಮತ್ತೆ ಬಂದದ್ದು ಯಾವಾಗ, ಹೇಗೆ ಅನ್ನುವುದನ್ನು ಗಮನಿಸಿದರೆ ನಿಜವಾದ ದೋಷದ ಹತ್ತಿರ ಹೋಗಬಹುದು.

## ಲೈಟ್ ಹಾಕುವುದು ಯಾರು?

ಇಂದಿನ ಕಾರಿನ ಇಂಜಿನ್ನನ್ನು ನಡೆಸುವುದು ಇಸಿಯು ಎಂಬ ಸಣ್ಣ ಕಂಪ್ಯೂಟರ್. ಒಳಗೆ ಬರುವ ಗಾಳಿ ಎಷ್ಟು, ಇಂಜಿನ್ ಬಿಸಿ ಎಷ್ಟು, ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಉಳಿದಿರುವ ಆಮ್ಲಜನಕ ಎಷ್ಟು, ಇವನ್ನೆಲ್ಲ ಸೆನ್ಸರ್‌ಗಳು ಅಳೆದು ಅದಕ್ಕೆ ಕಳಿಸುತ್ತವೆ. ಅದನ್ನು ನೋಡಿಕೊಂಡು ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಯಾವಾಗ ಕಿಡಿ ಕೊಡಬೇಕು ಎಂದು ಇಸಿಯು ತೀರ್ಮಾನಿಸುತ್ತದೆ. ಇದರ ಜೊತೆಗೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಈ ಅಳತೆಗಳು ಇರಬೇಕಾದ ಮಿತಿಯಲ್ಲಿವೆಯೇ ಎಂದು ಪರೀಕ್ಷಿಸುತ್ತಾ ಇರುತ್ತದೆ. ಈ ಸ್ವಯಂ ಪರೀಕ್ಷೆಯ ವ್ಯವಸ್ಥೆಗೆ ಓಬಿಡಿ ಎಂದು ಹೆಸರು. ಮಿತಿ ಮೀರಿದರೆ ಒಂದು ಕೋಡ್ ಬರೆದಿಟ್ಟುಕೊಂಡು ಹಳದಿ ಲೈಟ್ ಹಾಕುತ್ತದೆ.

ಈ ಲೈಟಿನ ಹುಟ್ಟಿಗೆ ಕಾರಣ ವಾಯುಮಾಲಿನ್ಯ. ಲಾಸ್ ಏಂಜಲೀಸ್ ನಗರದ ದಟ್ಟ ಹೊಗೆಯ ಜೊತೆ ಹೋರಾಡುತ್ತಿದ್ದ ಕ್ಯಾಲಿಫೋರ್ನಿಯಾ ರಾಜ್ಯ, 1988ರ ಮಾಡೆಲ್ ಕಾರುಗಳಿಂದ ಇಂಥ ವ್ಯವಸ್ಥೆ ಇರಲೇಬೇಕು ಎಂದಿತು. 1996ರ ಹೊತ್ತಿಗೆ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಇದರ ಎರಡನೇ ರೂಪ, ಅಂದರೆ ಓಬಿಡಿ-2 ಬಂತು. ನಮ್ಮಲ್ಲಿ ಬಿಎಸ್4 ಕಾರುಗಳಿಗೆ 2010ರ ಏಪ್ರಿಲ್‌ನಿಂದ ಓಬಿಡಿ-1, 2013ರ ಏಪ್ರಿಲ್‌ನಿಂದ ಓಬಿಡಿ-2 ಕಡ್ಡಾಯವಾಯಿತು. ಸ್ಟೀರಿಂಗ್ ಕೆಳಗೆ ಇರುವ 16 ಪಿನ್ನಿನ ಸಾಕೆಟ್ ಅದರದ್ದೇ.

ಹೊಗೆಯ ಮಿತಿ ಕಾಯುವುದಕ್ಕೆ ಬಂದ ಲೈಟ್ ಆದ್ದರಿಂದಲೇ ಕಾರು ಚೆನ್ನಾಗಿ ಓಡುತ್ತಿದ್ದರೂ ಅದು ಹತ್ತಬಹುದು. ಪಿಕಪ್, ಮೈಲೇಜ್ ಎರಡೂ ಸರಿಯಿದ್ದು ಹೊಗೆ ಮಾತ್ರ ಕೆಟ್ಟಿರಬಹುದು. ಹಾಗೆಂದು ಸುಮ್ನೆ ಬಿಟ್ಟುಬಿಡುವುದೂ ಸರಿಯಲ್ಲ. ಇವತ್ತಿನ ಸಣ್ಣ ದೋಷ ನಾಳೆ ದುಬಾರಿ ಭಾಗವೊಂದನ್ನು ಸುಡುವುದು ಇದೆ.

## ಮಿನುಗಿದರೆ ನಿಲ್ಲಿಸಿ

ಲೈಟ್ ಒಂದೇ ಸಮ ಉರಿಯುತ್ತಿದ್ದು ಕಾರು ಮಾಮೂಲಿನಂತೆ ಓಡುತ್ತಿದ್ದರೆ ಮನೆ ತಲುಪಬಹುದು, ಒಂದೆರಡು ದಿನದಲ್ಲಿ ತೋರಿಸಬಹುದು. ಆದರೆ ಲೈಟ್ ಪಳಪಳ ಮಿನುಗುತ್ತಿದ್ದರೆ ಮಾತು ಬೇರೆ. ಒಂದು ಅಥವಾ ಹೆಚ್ಚು ಸಿಲಿಂಡರ್‌ಗಳಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಇಂಜಿನ್ ಮಿಸ್ ಹೊಡೆಯುತ್ತಿದೆ ಎಂದು ಅದರ ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದರೊಳಗಿನ ಪಿಂಗಾಣಿ ಜಾಲರಿ ಆ ಶಾಖಕ್ಕೆ ಕರಗಬಹುದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇರುವ ಭಾಗ ಅದು, ಅಗ್ಗವಲ್ಲ. ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಟೋ ಮಾಡಿಸುವುದೇ ಒಳ್ಳೆಯದು. ಆಯಿಲ್ ಅಥವಾ ಬಿಸಿಯ ಕೆಂಪು ಲೈಟ್ ಜೊತೆಗೆ ಬಂದರಂತೂ ಇಂಜಿನ್ ಆಗಲೇ ಆಫ್ ಮಾಡಬೇಕು.

## ಕೋಡ್ ಹೇಳುವುದು ಎಷ್ಟು, ಹೇಳದಿರುವುದು ಎಷ್ಟು

ಸ್ಕ್ಯಾನರ್ ತೋರಿಸುವುದು ಪಿ 0171, ಪಿ 0302, ಪಿ 0420 ಇಂಥ ಐದು ಅಕ್ಷರಗಳ ಕೋಡ್. ಮೊದಲಿನ ‘ಪಿ’ ಎಂದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ವಿಭಾಗ. ಅದರ ಮುಂದಿನ ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್. ಅಲ್ಲಿ 1 ಇದ್ದರೆ ಆ ಕಂಪನಿಯದೇ ಸ್ವಂತ ಕೋಡ್, ಅದನ್ನು ಅಗ್ಗದ ಸ್ಕ್ಯಾನರ್ ತಪ್ಪಾಗಿ ಓದಬಹುದು. ಮೂರನೇ ಜಾಗದಲ್ಲಿ 1 ಅಥವಾ 2 ಇದ್ದರೆ ಗಾಳಿ ಮತ್ತು ಇಂಧನ, 3 ಇದ್ದರೆ ಕಿಡಿ ಮತ್ತು ಮಿಸ್, 4 ಇದ್ದರೆ ಹೊಗೆ ನಿಯಂತ್ರಣದ ಭಾಗಗಳು.

ಇಲ್ಲಿಯೇ ಹೆಚ್ಚಿನವರು ಎಡವುವುದು. ಯಾವ ಅಳತೆ ಮಿತಿ ಮೀರಿತು ಎನ್ನುವುದನ್ನು ಮಾತ್ರ ಕೋಡ್ ಹೇಳುತ್ತದೆ. ಯಾವ ಭಾಗ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಮನೆಯ ನೀರಿನ ಬಿಲ್ ಇದ್ದಕ್ಕಿದ್ದಂತೆ ಜಾಸ್ತಿ ಬಂತು ಅಂದುಕೊಳ್ಳಿ. ಮೀಟರ್ ಕೆಟ್ಟಿರಬಹುದು. ಆದರೆ ಟ್ಯಾಂಕ್ ತುಂಬಿ ಹರಿಯುತ್ತಿರಬಹುದು, ನೆಲದೊಳಗಿನ ಪೈಪ್ ಒಡೆದಿರಬಹುದು, ಟಾಯ್ಲೆಟ್ಟಿನ ಫ್ಲಶ್ ಸೋರುತ್ತಿರಬಹುದು. ಬಿಲ್ ನೋಡಿ ಮೀಟರನ್ನೇ ಕಿತ್ತು ಹೊಸದು ಹಾಕಿದರೆ ಸೋರುವ ನೀರು ನಿಲ್ಲುವುದಿಲ್ಲ, ಮುಂದಿನ ತಿಂಗಳ ಬಿಲ್ಲೂ ಅಷ್ಟೇ ಬರುತ್ತದೆ. ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದೆ ಎಂದು ಆಕ್ಸಿಜನ್ ಸೆನ್ಸರ್ ಹೇಳಿದ್ದಕ್ಕೆ ಆ ಸೆನ್ಸರನ್ನೇ ಬದಲಾಯಿಸುವುದು ಇದೇ ಥರದ ರಿಪೇರಿ. ಸೆನ್ಸರ್ ಸರಿಯಾಗಿಯೇ ಹೇಳಿತ್ತು, ಗಾಳಿ ನಿಜವಾಗಿಯೂ ಎಲ್ಲೋ ಸೋರಿ ಒಳಗೆ ಬರುತ್ತಿತ್ತು.

ಕೋಡ್ ಜೊತೆಗೆ ಇಸಿಯು ಇನ್ನೊಂದು ಅಮೂಲ್ಯ ದಾಖಲೆ ಇಟ್ಟಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಕೋಡ್ ಬಂದ ಆ ಗಳಿಗೆಯಲ್ಲಿ ಕಾರಿನ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತಿತ್ತು, ಬಿಸಿಯಾಗಿತ್ತೇ ತಣ್ಣಗಿತ್ತೇ, ಭಾರ ಎಷ್ಟಿತ್ತು ಎಲ್ಲವೂ ಅದರಲ್ಲಿ ಇರುತ್ತದೆ. ಶಿರಾಡಿ ಘಾಟಿ ಹತ್ತುವಾಗ ಬಂದ ಕೋಡಿಗೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಬಂದ ಕೋಡಿಗೂ ಕಾರಣ ಬೇರೆ ಇರಬಹುದು, ಅಲ್ವಾ? ಆದರೆ ಕೋಡ್ ಡಿಲೀಟ್ ಮಾಡಿದ ಕ್ಷಣ ಈ ದಾಖಲೆಯೂ ಅಳಿಸಿಹೋಗುತ್ತದೆ. ಬ್ಯಾಟರಿ ಕಳಚಿದರೂ ಅನೇಕ ಕಾರುಗಳಲ್ಲಿ ಹೋಗುತ್ತದೆ. ಗ್ಯಾರೇಜಿನಲ್ಲಿ ನಡೆಯುವ ಅತಿ ದೊಡ್ಡ ನಷ್ಟ ಇದು ಅನ್ನುವುದು ನನ್ನ ಅನಿಸಿಕೆ. ಸುಳಿವನ್ನು ಓದದೆಯೇ ಒರೆಸಿಬಿಟ್ಟ ಮೇಲೆ ಉಳಿಯುವುದು ಊಹೆ ಮಾತ್ರ.

## ಎಷ್ಟು ಹೊತ್ತಿಗೆ ಮತ್ತೆ ಬಂತು?

ಕೋಡ್ ಡಿಲೀಟ್ ಮಾಡಿದರೆ ಲೈಟ್ ಆರುತ್ತದೆ. ದೋಷ ಹೋಯಿತು ಎಂದು ಅದರ ಅರ್ಥವಲ್ಲ. ಇಸಿಯು ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಶುರುಮಾಡುತ್ತದೆ, ಅಷ್ಟೇ. ಕೆಲವು ಪರೀಕ್ಷೆಗಳು ಕೀ ತಿರುಗಿಸಿದ ತಕ್ಷಣ ನಡೆಯುತ್ತವೆ. ಕೆಲವಕ್ಕೆ ಇಂಜಿನ್ ಪೂರ್ತಿ ಬಿಸಿಯಾಗಬೇಕು. ಕ್ಯಾಟಲಿಟಿಕ್ ಕನ್ವರ್ಟರಿನ ಪರೀಕ್ಷೆಗೆ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಅದಲ್ಲದೆ, ಬಹಳಷ್ಟು ದೋಷಗಳನ್ನು ಇಸಿಯು ಒಂದೇ ಸಲಕ್ಕೆ ನಂಬುವುದಿಲ್ಲ. ಮೊದಲ ಓಡಾಟದಲ್ಲಿ ಕಂಡರೆ ‘ಪೆಂಡಿಂಗ್’ ಎಂದು ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತದೆ, ಲೈಟ್ ಹಾಕುವುದಿಲ್ಲ. ಮುಂದಿನ ಓಡಾಟದಲ್ಲೂ ಕಂಡರೆ ಲೈಟ್ ಹಾಕುತ್ತದೆ. ಕೆಲವು ಕಾರುಗಳಲ್ಲಿ ಮೂರನೇ ಸಲದವರೆಗೆ ಕಾಯುವುದೂ ಉಂಟು.

ಗ್ಯಾರೇಜಿನವರು ಒಂದು ಸುತ್ತು ಓಡಿಸಿ ‘ನೋಡಿ ಸರ್, ಲೈಟ್ ಹೋಯ್ತು’ ಎಂದು ಕೀ ಕೊಡುವುದರಲ್ಲಿ ಸುಳ್ಳೇನೂ ಇಲ್ಲ. ಆ ಒಂದು ಸುತ್ತಿನಲ್ಲಿ ಪರೀಕ್ಷೆ ನಡೆದೇ ಇರುವುದಿಲ್ಲ. ನೀವು ಭಾನುವಾರ ಮೈಸೂರು ಹೆದ್ದಾರಿಯಲ್ಲಿ ಹೋದಾಗ ಅದು ನಡೆಯುತ್ತದೆ, ಲೈಟ್ ಬರುತ್ತದೆ.

ಹಾಗಾಗಿ ಲೈಟ್ ಮರಳಿ ಬರಲು ತೆಗೆದುಕೊಂಡ ಸಮಯವೇ ದೊಡ್ಡ ಸುಳಿವು. ಕೀ ಆನ್ ಮಾಡಿದ ಕೂಡಲೇ ಅಥವಾ ಕೆಲವೇ ನಿಮಿಷದಲ್ಲಿ ಬಂದರೆ ಸಾಮಾನ್ಯವಾಗಿ ಅದು ವಿದ್ಯುತ್ ದೋಷ: ತಂತಿ ತುಂಡಾಗಿದೆ, ಸೆನ್ಸರಿಗೆ ತಂತಿ ಸೇರಿಸುವ ಕಪ್ಲರ್ ಸರಿಯಾಗಿ ಕೂತಿಲ್ಲ, ಫ್ಯೂಸ್ ಹೋಗಿದೆ. ಎರಡು-ಮೂರು ದಿನಕ್ಕೆ ಬಂದರೆ ಎರಡು ಓಡಾಟದ ಲೆಕ್ಕದ ದೋಷ: ಗಾಳಿ-ಇಂಧನದ ಹದ, ಮಿಸ್ ಹೊಡೆಯುವುದು, ಕನ್ವರ್ಟರ್. ವಾರಗಟ್ಟಲೆ ಇಲ್ಲದೆ ಒಂದು ದಿನ ಇದ್ದಕ್ಕಿದ್ದಂತೆ ಬಂದರೆ ಆ ದಿನ ಏನು ವಿಶೇಷವಿತ್ತು ಎಂದು ಯೋಚಿಸಬೇಕು. ಮಳೆ ಬಂದಿತ್ತೇ? ಘಾಟಿ ಹತ್ತಿದ್ದಿರೇ? ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಕಂಡಿತ್ತೇ? ಹೊಸ ಬಂಕಿನಲ್ಲಿ ತುಂಬಿಸಿದ್ದಿರೇ?

ಇದಕ್ಕೆ ಉಲ್ಟಾ ಕೂಡ ಗೊತ್ತಿರಬೇಕು. ದೋಷ ನಿಜವಾಗಿ ಸರಿಹೋಗಿದ್ದರೆ, ಯಾರೂ ಡಿಲೀಟ್ ಮಾಡದಿದ್ದರೂ, ಸತತ ಮೂರು ಓಡಾಟಗಳಲ್ಲಿ ಪರೀಕ್ಷೆ ಪಾಸಾದರೆ ಇಸಿಯು ತಾನೇ ಲೈಟ್ ಆರಿಸುತ್ತದೆ. ಇಂಜಿನ್ 40 ಸಲ ಬಿಸಿಯಾಗಿ ತಣಿದ ಮೇಲೆ ಹಳೆಯ ಕೋಡನ್ನೂ ಅಳಿಸುತ್ತದೆ. ಹಾಗಾಗಿ ಸ್ಕ್ಯಾನ್ ಮಾಡಿದಾಗ ಕಾಣುವ ಕೋಡ್‌ಗಳಲ್ಲಿ ಯಾವುದು ಈಗಿನದು, ಯಾವುದು ಹಳೆಯದು ಎಂದು ಕೇಳಬೇಕು. ಹಳೆಯ ಕೋಡಿಗೆ ಹೊಸ ಬಿಡಿಭಾಗ ಹಾಕಿಸಿಕೊಳ್ಳುವ ಅಗತ್ಯವಿಲ್ಲ.

## ಪದೇ ಪದೇ ಬರುವ ಮೂರು ದೋಷಗಳು

ಪೆಟ್ರೋಲ್ ಕಾರುಗಳಲ್ಲಿ ಬದಲಾಯಿಸಿದರೂ ಬದಲಾಯಿಸಿದರೂ ಬರುವ ಕೋಡ್‌ಗಳಲ್ಲಿ ಮೂರು ತುಂಬ ಸಾಮಾನ್ಯ.

ಮೊದಲನೆಯದು ಮಿಸ್ ಹೊಡೆಯುವುದು. ಪಿ 0301 ಎಂದರೆ ಮೊದಲ ಸಿಲಿಂಡರ್, 0302 ಎಂದರೆ ಎರಡನೆಯದು, ಹೀಗೆ. ಪಿ 0300 ಬಂದರೆ ಯಾವುದೋ ಒಂದೇ ಅಲ್ಲ, ಹಲವು ಸಿಲಿಂಡರ್‌ಗಳಲ್ಲಿ. ಕಾರಣ ಸ್ಪಾರ್ಕ್ ಪ್ಲಗ್ ಇರಬಹುದು, ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಇರಬಹುದು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇರಬಹುದು, ವಾಲ್ವ್ ಸರಿಯಾಗಿ ಮುಚ್ಚದೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಇಳಿದಿರಬಹುದು. ಇದನ್ನು ಹಿಡಿಯಲು ಒಂದು ಪೈಸೆ ಖರ್ಚಿಲ್ಲದ ಉಪಾಯವಿದೆ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಿನಲ್ಲಿ, ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡಕ್ಕೂ ಹಾಕಿ ಓಡಿಸಿ ನೋಡುವುದು. ಕೋಡ್ 0302ರಿಂದ 0303ಕ್ಕೆ ಜಿಗಿದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಕಾಯಿಲ್ ಸರಿಯಿದೆ, ಪ್ಲಗ್‌ಗಳನ್ನು ಅದಲು ಬದಲು ಮಾಡಿ ನೋಡಬೇಕು, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಟೆಸ್ಟ್. ನಾಲ್ಕೂ ಕಾಯಿಲ್ ಹೊಸದು ಹಾಕಿಸುವ ಮುಂಚೆ ಈ ಅದಲು ಬದಲು ಮಾಡಿದರೇ ಎಂದು ಕೇಳಿ.

ಎರಡನೆಯದು ಪಿ 0171. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ, ಅಂದರೆ ‘ಲೀನ್’ ಎಂದು ಇದರ ಅರ್ಥ. ಪೆಟ್ರೋಲಿನ ಒಂದು ತೂಕಕ್ಕೆ ಗಾಳಿಯ 14.7 ತೂಕ ಇದ್ದರೆ ಪೂರ್ತಿ ಉರಿಯುತ್ತದೆ. ಆ ಹದ ತಪ್ಪಿದಾಗ ಇಸಿಯು ಎಷ್ಟು ಶೇಕಡಾ ಜಾಸ್ತಿ ಅಥವಾ ಕಡಿಮೆ ಪೆಟ್ರೋಲ್ ಕೊಟ್ಟು ಸರಿದೂಗಿಸುತ್ತಿದೆ ಎಂಬ ಲೆಕ್ಕಕ್ಕೆ ಫ್ಯೂಯಲ್ ಟ್ರಿಮ್ ಎನ್ನುತ್ತಾರೆ. ಆರೋಗ್ಯವಂತ ಇಂಜಿನ್ನಿನಲ್ಲಿ ಅದು ಸೊನ್ನೆಯ ಆಚೆ ಈಚೆ, ಹತ್ತರ ಒಳಗೆ ಇರುತ್ತದೆ. ಸರಿದೂಗಿಸುತ್ತಾ ಹೋಗಿ 20-25ರ ಆಸುಪಾಸು ಮುಟ್ಟಿದಾಗ ಇಸಿಯು ಕೈಚೆಲ್ಲಿ ಲೈಟ್ ಹಾಕುತ್ತದೆ.

ಈ ಒಂದು ಅಂಕಿಯನ್ನು ಕಾರು ನಿಂತು ಇಂಜಿನ್ ಮಾತ್ರ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ ನೋಡಿದರೆ ದೋಷ ಯಾವ ಕಡೆ ಇದೆ ಎಂದು ಗೊತ್ತಾಗುತ್ತದೆ. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು ರೇಸ್ ಕೊಟ್ಟಾಗ ಇಳಿದರೆ ಎಲ್ಲೋ ಗಾಳಿ ಸೋರಿಕೆ: ಬಿರುಕು ಬಿಟ್ಟ ರಬ್ಬರ್ ಹೋಸ್, ಇನ್‌ಟೇಕ್ ಗ್ಯಾಸ್ಕೆಟ್, ಕಳಚಿಬಿದ್ದ ವ್ಯಾಕ್ಯೂಮ್ ಪೈಪ್. ನಿಂತಾಗ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಸೋರಿಕೆಯ ಪಾಲು ದೊಡ್ಡದು. ರೇಸ್ ಕೊಟ್ಟಾಗ ಅದೇ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ತಿರುಗಿ, ಐಡ್ಲಿಂಗ್‌ನಲ್ಲಿ ಸರಿಯಿದ್ದು ಭಾರ ಬಿದ್ದಂತೆ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ: ಪಂಪ್ ದುರ್ಬಲ, ಫಿಲ್ಟರ್ ಕಟ್ಟಿದೆ ಅಥವಾ ಇಂಜೆಕ್ಟರ್ ಕೊಳಕಾಗಿದೆ. ಒಂದು ಎಚ್ಚರಿಕೆ ಬೇಕು. ಗಾಳಿಯನ್ನು ನೇರವಾಗಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರುಗಳಿಗೆ ಈ ಗುರುತು ಚೆನ್ನಾಗಿ ಹೊಂದುತ್ತದೆ. ಅದರ ಬದಲು ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಸಣ್ಣ ಕಾರುಗಳಲ್ಲಿ ಅದೇ ಸೋರಿಕೆಗೆ ಐಡ್ಲಿಂಗ್ ವೇಗ ಏರುವುದೇ ಹೆಚ್ಚಾಗಿ ಕಾಣುವ ಲಕ್ಷಣ. ಸೋರುವ ಜಾಗ ಕಣ್ಣಿಗೆ ಕಾಣಬೇಕೆಂದರೆ ಇನ್‌ಟೇಕ್ ಒಳಗೆ ಹೊಗೆ ಬಿಟ್ಟು ನೋಡುವ ಸ್ಮೋಕ್ ಟೆಸ್ಟ್ ಇದೆ. ಹೊಗೆ ಎಲ್ಲಿಂದ ಹೊರಬರುತ್ತದೋ ಅಲ್ಲಿ ಬಿರುಕು.

ಮೂರನೆಯದು ಪಿ 0420. ಕ್ಯಾಟಲಿಟಿಕ್ ಕನ್ವರ್ಟರಿನ ಕೆಲಸ ಮಿತಿಗಿಂತ ಕೆಳಗಿದೆ ಎನ್ನುವ ಕೋಡ್. ಕೇಳಿದ ಕೂಡಲೇ ಕನ್ವರ್ಟರ್ ಬದಲಾಯಿಸಬೇಕು ಅನಿಸುತ್ತದೆ. ಸ್ವಲ್ಪ ತಾಳಿ. ಇಸಿಯು ಕನ್ವರ್ಟರನ್ನು ನೇರವಾಗಿ ಅಳೆಯುವುದಿಲ್ಲ. ಅದರ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಕನ್ವರ್ಟರ್ ಚೆನ್ನಾಗಿದ್ದರೆ ಆಮ್ಲಜನಕವನ್ನು ಹಿಡಿದಿಟ್ಟು ಬಳಸುತ್ತದೆ, ಹಿಂದಿನ ಸೆನ್ಸರ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಹಿಂದಿನದೂ ಮುಂದಿನಷ್ಟೇ ಏರಿಳಿಯತೊಡಗಿದರೆ ಕನ್ವರ್ಟರ್ ದಣಿದಿದೆ ಎಂದು ಇಸಿಯು ಲೆಕ್ಕ ಹಾಕುತ್ತದೆ. ಎರಡು ಸೆನ್ಸರ್‌ಗಳ ಹತ್ತಿರ ಸೈಲೆನ್ಸರ್ ಪೈಪಿನ ಜಾಯಿಂಟ್ ಸೋರಿ ಹೊರಗಿನ ಗಾಳಿ ಒಳಬಂದರೂ ಇದೇ ಕೋಡ್ ಬರಬಹುದು.

ಕನ್ವರ್ಟರ್ ನಿಜಕ್ಕೂ ಹೋಗಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ಅದು ತಾನಾಗಿ ಸಾಯುವುದು ಕಡಿಮೆ. ತಿಂಗಳುಗಟ್ಟಲೆ ಮಿಸ್ ಹೊಡೆದು ಸುಟ್ಟಿರಬೇಕು, ಇಲ್ಲವೇ ಇಂಜಿನ್ ಆಯಿಲ್ ಕುಡಿಯುತ್ತಿದ್ದು ಅದರ ಶೇಷ ಮೆತ್ತಿಕೊಂಡಿರಬೇಕು. ಆ ಮೂಲವನ್ನು ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಅದೇ ಗತಿ ಕಾಣುತ್ತದೆ. ಮೂರರಲ್ಲಿ ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳಬಹುದಾದ ಕೋಡ್ ಇದು.

## ರಿಪೇರಿಯಿಂದಲೇ ಹುಟ್ಟುವ ದೋಷ

ರಿಪೇರಿಯ ನಂತರ ಬಂದ ಕೋಡ್ ಹಳೆಯದೇ ಹೊಸದೇ ಎಂದು ನೋಡುವುದು ಬಹಳ ಮುಖ್ಯ. ಹೊಸ ಕೋಡ್ ಆಗಿದ್ದರೆ ಮೊದಲು ಕೈಯಾಡಿಸಿದ ಜಾಗದಲ್ಲೇ ಹುಡುಕಬೇಕು. ಏರ್ ಫಿಲ್ಟರ್ ಬದಲಾಯಿಸಿದ ಮೇಲೆ ಪೈಪಿನ ಕ್ಲಾಂಪ್ ಬಿಗಿಯಾಗಿಲ್ಲದಿರಬಹುದು. ಕಪ್ಲರಿನ ಲಾಕ್ ಕ್ಲಿಕ್ ಎಂದಿಲ್ಲದಿರಬಹುದು. ಇಂಜಿನ್ ಕೆಲಸದ ನಂತರ ಅರ್ಥಿಂಗ್ ತಂತಿಯ ಬೋಲ್ಟ್ ಸಡಿಲ ಉಳಿದಿರಬಹುದು. ಇಂಜಿನ್ ಬೇ ನೀರು ಹೊಡೆದು ತೊಳೆಸಿದ್ದರೆ ಕಾಯಿಲ್ ಕೂರುವ ಗುಣಿಯಲ್ಲಿ ನೀರು ನಿಂತಿರಬಹುದು. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದ ಮೇಲೆ ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಮೂಲಕ ಐಡ್ಲಿಂಗ್ ಮತ್ತೆ ಕಲಿಸಬೇಕು, ಅದನ್ನು ಬಿಟ್ಟರೆ ಇಂಜಿನ್ ತಡವರಿಸುತ್ತದೆ.

ಬಿಡಿಭಾಗವೂ ತಪ್ಪಿರಬಹುದು. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಆಕ್ಸಿಜನ್ ಸೆನ್ಸರನ್ನು ತಂತಿ ಕತ್ತರಿಸಿ ಜೋಡಿಸಿದಾಗ ಅದರೊಳಗಿನ ಹೀಟರಿನ ಲೆಕ್ಕ ತಪ್ಪಿದರೆ ಹೊಸ ಕೋಡ್ ಬರುತ್ತದೆ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿಕೊಳ್ಳಿ, ಕಳಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕಾರು ಕೋಡ್ ಒಟ್ಟಿಗೆ ಬಂದರೆ ನಾಲ್ಕಾರು ಭಾಗ ಒಟ್ಟಿಗೆ ಕೆಟ್ಟಿರುವುದು ಅಪರೂಪ. ಎಲ್ಲಕ್ಕೂ ಸೇರಿದ ಒಂದು ಬೇರು ಇರುತ್ತದೆ. ಮೊದಲು ಬ್ಯಾಟರಿ ವೋಲ್ಟೇಜ್, ಆಮೇಲೆ ಅರ್ಥಿಂಗ್, ಫ್ಯೂಸ್. ಹಲವು ಸೆನ್ಸರ್‌ಗಳಿಗೆ ಇಸಿಯು 5 ವೋಲ್ಟಿನ ಒಂದೇ ಸರಬರಾಜು ಹಂಚುತ್ತದೆ. ಒಂದು ಸೆನ್ಸರ್ ಶಾರ್ಟ್ ಆದರೆ ಆ ಸಾಲಿನ ಉಳಿದವುಗಳ ಅಳತೆಯೂ ಕೆಡುತ್ತದೆ.

## ನಮ್ಮ ಮಳೆ, ನಮ್ಮ ಇಲಿ, ನಮ್ಮ ಪೆಟ್ರೋಲ್

ಅಂತರ್ಜಾಲದಲ್ಲಿ ಹುಡುಕಿದರೆ ಪೆಟ್ರೋಲ್ ಮುಚ್ಚಳ ಬಿಗಿ ಮಾಡಿ ಎನ್ನುವ ಸಲಹೆ ಮೊದಲು ಸಿಗುತ್ತದೆ. ಅದು ಅಮೆರಿಕದ ಕಾರುಗಳಿಗೆ ಸರಿ. ಅಲ್ಲಿ ಟ್ಯಾಂಕಿನ ಆವಿ ಸೋರುತ್ತದೆಯೇ ಎಂದು ಕಾರೇ ಪರೀಕ್ಷಿಸಬೇಕೆಂಬ ನಿಯಮವಿದೆ. ನಮ್ಮ ಬಿಎಸ್ ನಿಯಮಗಳು ಯುರೋಪಿನ ಜಾಡಿನವು, ಅವುಗಳಲ್ಲಿ ಈ ಪರೀಕ್ಷೆ ಕಡ್ಡಾಯವಲ್ಲ. ಮುಚ್ಚಳ ನೋಡಿ, ನಷ್ಟವಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

ನಮ್ಮಲ್ಲಿ ಮೊದಲು ನೋಡಬೇಕಾದದ್ದು ಇಲಿ. ತೋಟದ ಮನೆಯ ಕೊಟ್ಟಿಗೆಯ ಪಕ್ಕ, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್, ಎಲ್ಲಿ ನಿಲ್ಲಿಸಿದರೂ ಬಿಸಿ ಇಂಜಿನ್ ಹತ್ತಿರ ಇಲಿ ಸೇರಿಕೊಳ್ಳುತ್ತದೆ, ತಂತಿ ಕಡಿಯುತ್ತದೆ. ಪೂರ್ತಿ ತುಂಡಾದರೆ ಹಿಡಿಯುವುದು ಸುಲಭ. ಅರ್ಧ ಕಡಿದ ತಂತಿ ಒಣಗಿದ್ದಾಗ ಸರಿಯಿದ್ದು ತೇವ ಬಂದಾಗ ಅಥವಾ ಗುಂಡಿಯಲ್ಲಿ ಕುಲುಕಿದಾಗ ಮಾತ್ರ ಕೈಕೊಡುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಂದು ಬೇಸಿಗೆಯಲ್ಲಿ ಮಾಯವಾಗುವ ಲೈಟಿಗೆ ಇಂಥ ತಂತಿ, ಹಸಿರುಗಟ್ಟಿದ ಕಪ್ಲರ್ ಪಿನ್, ಬಿರುಕು ಬಿಟ್ಟ ಕಾಯಿಲ್ ಕಾರಣವಿರುವ ಸಾಧ್ಯತೆ ಜಾಸ್ತಿ.

ಪೆಟ್ರೋಲ್ ಕೂಡ ಬದಲಾಗಿದೆ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಎಥನಾಲಿನೊಳಗೇ ಆಮ್ಲಜನಕ ಇದೆ. ಅದು ಉರಿಯಲು 14.7ರ ಬದಲು ಸುಮಾರು 9 ತೂಕದ ಗಾಳಿ ಸಾಕು. ಇ20ಗೆ ಈ ಅಂಕಿ 13.5ರ ಹತ್ತಿರ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಇಸಿಯು ಸ್ವಲ್ಪ ಜಾಸ್ತಿ ಇಂಧನ ಕೊಡಬೇಕು. ಸ್ವಸ್ಥ ಇಂಜಿನ್ ಇದನ್ನು ಸರಿದೂಗಿಸಿಕೊಳ್ಳುತ್ತದೆ. ಆದರೆ ಹಳೆಯ ಹದಕ್ಕೆ ಹೊಂದಿಸಿದ ಕಾರಿನಲ್ಲಿ ಮೊದಲೇ ಸಣ್ಣ ಗಾಳಿ ಸೋರಿಕೆ ಇದ್ದರೆ, ಅದುವರೆಗೆ ಮಿತಿಯೊಳಗಿದ್ದ ಟ್ರಿಮ್ ಮಿತಿ ದಾಟಬಹುದು. ಆಗ ಪೆಟ್ರೋಲನ್ನು ಮಾತ್ರ ದೂರಿದರೆ ಸೋರಿಕೆ ಹಾಗೇ ಉಳಿಯುತ್ತದೆ.

ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ ಕಾರಾದರೆ, ಲೈಟ್ ಬಂದಾಗ ಗ್ಯಾಸಿನಲ್ಲಿತ್ತೇ ಪೆಟ್ರೋಲಿನಲ್ಲಿತ್ತೇ ಎಂದು ಬರೆದಿಟ್ಟುಕೊಳ್ಳಿ. ಗ್ಯಾಸಿನಲ್ಲಿ ಮಾತ್ರ ಬರುತ್ತಿದ್ದರೆ ಕಿಟ್ಟಿನ ಟ್ಯೂನಿಂಗ್ ಕಡೆ ನೋಡಬೇಕು.

ಬಿಎಸ್6 ಡೀಸೆಲ್ ಕಾರುಗಳ ಕಥೆ ಬೇರೆ. ಅವುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಅದು ತುಂಬಿದಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಮಸಿಯನ್ನು ಸುಟ್ಟು ತನ್ನನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ತಡೆಯಿಲ್ಲದ ಓಟ ಬೇಕು. ದಿನವೂ ಎರಡು ಕಿಲೋಮೀಟರ್ ಸ್ಕೂಲಿಗೆ ಬಿಟ್ಟು ಬರುವುದಕ್ಕಷ್ಟೇ ಡೀಸೆಲ್ ಕಾರು ಬಳಸಿದರೆ ಆ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರಿನಿಂದ ಸುಡಿಸಿ ತಂದರೂ ಓಡಾಟದ ಕ್ರಮ ಬದಲಾಗದಿದ್ದರೆ ಲೈಟ್ ಮರಳುತ್ತದೆ. ಹೆದ್ದಾರಿಯಲ್ಲಿ ಚೆನ್ನಾಗಿ ಓಡಿಸಿಯೂ ಬೇಗ ತುಂಬುತ್ತಿದ್ದರೆ ಮಸಿ ಜಾಸ್ತಿ ಮಾಡುತ್ತಿರುವ ಇಂಜೆಕ್ಟರ್, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ಅಥವಾ ಟರ್ಬೋ ಪೈಪಿನ ಸೋರಿಕೆ ಹುಡುಕಬೇಕು.

## ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಮೆಕ್ಯಾನಿಕ್ ಜೊತೆ ಜಗಳ ಬೇಡ. ಸ್ಕ್ಯಾನರ್ ಹಾಕಿದಾಗ ಪಕ್ಕದಲ್ಲಿ ನಿಂತು ‘ಅಣ್ಣ, ಡಿಲೀಟ್ ಮಾಡೋ ಮುಂಚೆ ಕೋಡು, ಫ್ರೀಜ್ ಫ್ರೇಮು ಎರಡರದ್ದೂ ಒಂದು ಫೋಟೋ ತೆಗೆದುಕೊಳ್ತೀನಿ’ ಅನ್ನಿ. ಆಮೇಲೆ ಯಾವುದಾದರೂ ಭಾಗ ಬದಲಾಯಿಸಬೇಕು ಎಂದಾಗ ‘ಇದೇ ಅಂತ ಹೇಗೆ ಗೊತ್ತಾಯ್ತು?’ ಎಂದು ಕೇಳಿ. ಅದಲು ಬದಲು ಮಾಡಿ ನೋಡಿದೆ, ವೋಲ್ಟೇಜ್ ಅಳೆದೆ, ಸ್ಮೋಕ್ ಟೆಸ್ಟ್ ಮಾಡಿದೆ ಎನ್ನುವ ಉತ್ತರ ಬಂದರೆ ನಂಬಬಹುದು. ‘ಈ ಕೋಡಿಗೆ ಎಲ್ಲರೂ ಇದನ್ನೇ ಹಾಕ್ತಾರೆ’ ಎಂದರೆ ಇನ್ನೂ ಪರೀಕ್ಷೆ ಆಗಿಲ್ಲ. ದೋಷ ಹುಡುಕುವುದು ಗಂಟೆಗಟ್ಟಲೆ ಹಿಡಿಯುವ ಕುಶಲ ಕೆಲಸ. ಬಿಡಿಭಾಗ ಮಾರದೆ ಬರೀ ಹುಡುಕಿದ್ದಕ್ಕೆ ಮೆಕ್ಯಾನಿಕ್ ಕೂಲಿ ಕೇಳಿದರೆ ಕೊಡುವುದು ನ್ಯಾಯ. ಬೇಡದ ಸೆನ್ಸರಿನ ಬೆಲೆಗಿಂತ ಅದು ಹೆಚ್ಚಾಗುವುದು ಅಪರೂಪ.

ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಬ್ಲೂಟೂತ್ ಓಬಿಡಿ ಡಾಂಗಲ್ ಒಂದು ಕೊಂಡರೆ ಕೋಡ್, ಪೆಂಡಿಂಗ್ ಕೋಡ್, ಫ್ಯೂಯಲ್ ಟ್ರಿಮ್ ಎಲ್ಲವನ್ನೂ ಫೋನಿನಲ್ಲೇ ನೋಡಬಹುದು. ಏರ್‌ಬ್ಯಾಗ್, ಎಬಿಎಸ್ ಕೋಡ್‌ಗಳನ್ನು ಅದು ಸಾಮಾನ್ಯವಾಗಿ ಓದುವುದಿಲ್ಲ. ಕೆಲಸ ಮುಗಿದ ಮೇಲೆ ಕಿತ್ತಿಡಿ, ಕಾರು ನಿಂತಿದ್ದರೂ ಬ್ಯಾಟರಿ ಹೀರುತ್ತಿರುತ್ತದೆ.

ರಿಪೇರಿ ಆಯಿತು ಎಂದು ಲೈಟ್ ಆರಿದ್ದನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ. ಸ್ಕ್ಯಾನರಿನಲ್ಲಿ ‘ರೆಡಿನೆಸ್’ ಎಂಬ ಪಟ್ಟಿ ಇರುತ್ತದೆ. ಯಾವ ಯಾವ ಪರೀಕ್ಷೆ ಮುಗಿದಿದೆ, ಯಾವುದು ಬಾಕಿ ಎಂದು ಅದು ತೋರಿಸುತ್ತದೆ. ಕೋಡ್ ಡಿಲೀಟ್ ಮಾಡಿದಾಗ ಇವೆಲ್ಲ ಬಾಕಿ ಎಂದಾಗುತ್ತವೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಲೈಟ್ ಇಲ್ಲದೆ ರೆಡಿನೆಸ್ ಪೂರ್ತಿ ಬಾಕಿ ಕಂಡರೆ, ಇತ್ತೀಚೆಗೆ ಕೋಡ್ ಅಳಿಸಲಾಗಿದೆ ಇಲ್ಲವೇ ಬ್ಯಾಟರಿ ಕಳಚಲಾಗಿದೆ ಎಂದು ತಿಳಿಯಬಹುದು. ನಿಮ್ಮದೇ ಕಾರಾದರೆ ಮೂರು-ನಾಲ್ಕು ದಿನ ಮಾಮೂಲಿಯಾಗಿ ಓಡಿಸಿ, ಒಂದು ಸಲ ಹೆದ್ದಾರಿಗೂ ಹೋಗಿ ಬನ್ನಿ. ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಪೂರ್ತಿ ಬಿಸಿಯಾಗುವವರೆಗೆ ಓಡಿಸಿದ್ದೂ ಅದರಲ್ಲಿ ಸೇರಿರಲಿ. ಆಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿ. ಪರೀಕ್ಷೆಗಳು ಮುಗಿದಿದ್ದು, ಪೆಂಡಿಂಗ್ ಕೋಡ್ ಇಲ್ಲದೆ, ಟ್ರಿಮ್ ಹತ್ತರ ಒಳಗೆ ನಿಂತಿದ್ದರೆ ಆ ದೋಷ ಸರಿಹೋಗಿದೆ ಎಂದು ಧೈರ್ಯವಾಗಿ ಹೇಳಬಹುದು.